ಬೆಂಗಳೂರು–ಮಂಗಳೂರು ವಿಮಾನ: 305 ಕಿಲೋಮೀಟರಿಗೆ ಎಷ್ಟು ಹೊತ್ತು?

ಟಿಕೆಟ್ಟಿನ ಮೇಲೆ ಪ್ರಯಾಣದ ಅವಧಿ ಒಂದು ಗಂಟೆ ಹತ್ತು ನಿಮಿಷ ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನ ಜಯನಗರದ ಮನೆಗೆ ಬೀಗ ಹಾಕಿದ ಹೊತ್ತಿನಿಂದ ಮೂಡುಬಿದಿರೆಯ ತವರುಮನೆಯ ಅಂಗಳದಲ್ಲಿ ಚಪ್ಪಲಿ ಕಳಚುವ ಹೊತ್ತಿನವರೆಗೆ ಲೆಕ್ಕ ಹಾಕಿದರೆ, ನಾನು ಐದು ಗಂಟೆಗಿಂತ ಬೇಗ ತಲುಪಿದ್ದು ಒಂದೇ ಒಂದು ಸಲ, ಅದೂ ಭಾನುವಾರ ಬೆಳಗಿನ ಜಾವದ ವಿಮಾನದಲ್ಲಿ. ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ತಿಂಗಳಿಗೊಮ್ಮೆ, ತಪ್ಪಿದರೆ ಎರಡು ತಿಂಗಳಿಗೊಮ್ಮೆ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಬಸ್ಸು, ರೈಲು, ಕಾರು, ವಿಮಾನ ಎಲ್ಲದರಲ್ಲೂ ಹೋಗಿದ್ದೇನೆ; ಮನೆ ಬಿಟ್ಟ, ಹತ್ತಿದ, ಇಳಿದ, ತಲುಪಿದ ಸಮಯಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನೂ ಬೆಳೆಸಿಕೊಂಡಿದ್ದೇನೆ. ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇದು ಯಾವುದೋ ಒಂದು ವಿಮಾನ ಸಂಸ್ಥೆಯ ಬಗೆಗಿನ ಮಾತಲ್ಲ, ಈ ಎರಡು ಊರುಗಳ ನಡುವಿನ ವಿಮಾನಸೇವೆ ಯಾರಿಗೆ, ಯಾವಾಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂಬುದರ ಬಗೆಗಿನ ಮಾತು.

ಮೊದಲು ದೂರವನ್ನು ನೋಡೋಣ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 305 ಕಿಲೋಮೀಟರ್. ಎರಡೂ ನಿಲ್ದಾಣಗಳು 13 ಡಿಗ್ರಿ ಅಕ್ಷಾಂಶದ ಆಚೀಚೆಗೇ ಇರುವುದರಿಂದ ಆ ಗೆರೆ ಹೆಚ್ಚು ಕಡಿಮೆ ಪೂರ್ವದಿಂದ ಪಶ್ಚಿಮಕ್ಕೆ ನೇರವಾಗಿ ಸಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್ ಮಾರ್ಗವಾಗಿ ಹೋದರೆ ಊರಿಂದ ಊರಿಗೆ ಸುಮಾರು 350 ಕಿಲೋಮೀಟರ್. ಅಂದರೆ ಆಕಾಶಮಾರ್ಗಕ್ಕೂ ನೆಲದ ದಾರಿಗೂ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಘಟ್ಟದಲ್ಲಿ. ಬೆಂಗಳೂರಿನಿಂದ ಹಾಸನದವರೆಗಿನ ದಾರಿ ಈಗ ಸರಾಗ, ಮೂರು ಗಂಟೆಯೊಳಗೆ ಮುಗಿಯುತ್ತದೆ. ಸಕಲೇಶಪುರದಿಂದ ಗುಂಡ್ಯದವರೆಗೆ ಟ್ಯಾಂಕರುಗಳ ಹಿಂದೆ ಸಿಕ್ಕಿಬಿದ್ದರೆ ಉಳಿದ ಪ್ರಯಾಣದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ವಿಮಾನಕ್ಕೆ ನಾವು ಕೊಡುವ ಹಣ ನಿಜವಾಗಿ ಈ ಘಟ್ಟವನ್ನು ದಾಟಿಸಿದ್ದಕ್ಕೆ ಕೊಡುವ ಹಣ ಎಂದು ನಾನು ತಿಳಿದುಕೊಂಡಿದ್ದೇನೆ.

ಇನ್ನು ಹಾರಾಟದ ಅವಧಿ. ಟಿಕೆಟ್ಟಿನಲ್ಲಿರುವ ಸಮಯ ಆಕಾಶದಲ್ಲಿ ಇರುವ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ಗಳಿಗೆಯವರೆಗಿನ ಸಮಯ ಅದು. ವಿಮಾನಯಾನದವರು ಅದನ್ನು ಬ್ಲಾಕ್ ಸಮಯ ಎನ್ನುತ್ತಾರೆ. ನನ್ನ ಪುಸ್ತಕದ ಪ್ರಕಾರ ಚಕ್ರ ನೆಲ ಬಿಟ್ಟದ್ದರಿಂದ ನೆಲ ಮುಟ್ಟುವವರೆಗೆ ಏರ್‌ಬಸ್ ಎ320 ವಿಮಾನದಲ್ಲಿ 40 ನಿಮಿಷದ ಆಸುಪಾಸು, ಪಂಖವಿರುವ ಎಟಿಆರ್ 72 ವಿಮಾನದಲ್ಲಿ 50 ನಿಮಿಷದ ಆಸುಪಾಸು ಹಿಡಿಯುತ್ತದೆ. ಎಟಿಆರ್ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ್ದು, ಏರ್‌ಬಸ್ 800ಕ್ಕೂ ಮೇಲೆ. ವೇಗದಲ್ಲಿ ಇಷ್ಟೊಂದು ಅಂತರವಿದ್ದರೂ ಸಮಯದಲ್ಲಿ ಉಳಿಯುವುದು ಹತ್ತೇ ನಿಮಿಷ, ಏಕೆಂದರೆ ಇಷ್ಟು ಚಿಕ್ಕ ಹಾದಿಯಲ್ಲಿ ಜೆಟ್ ವಿಮಾನ ಏರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು ಮಾಡಬೇಕಾಗುತ್ತದೆ; ತನ್ನ ಪೂರ್ಣ ವೇಗದಲ್ಲಿ ಸಾಗಲು ಅದಕ್ಕೆ ಹೆಚ್ಚು ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಎಟಿಆರ್ ಎಂದ ಕೂಡಲೇ ಮೂಗು ಮುರಿಯುವವರಿಗೆ ನನ್ನ ಸಲಹೆ, ಈ ಮಾರ್ಗದ ಮಟ್ಟಿಗೆ ಅದನ್ನು ಕಡೆಗಣಿಸಬೇಡಿ. ಅದರಲ್ಲಿ ಸಾಲಿಗೆ ಆಚೆ ಎರಡು, ಈಚೆ ಎರಡು ಸೀಟುಗಳು ಮಾತ್ರ. ನಡುವಿನ ಸೀಟಿನಲ್ಲಿ ಇಕ್ಕಟ್ಟಾಗಿ ಕೂರುವ ಪಾಡಿಲ್ಲ. ರೆಕ್ಕೆ ಮೇಲ್ಗಡೆ ಇರುವುದರಿಂದ ಹೆಚ್ಚಿನ ಕಿಟಕಿಗಳಿಂದ ನೆಲ ಚೆನ್ನಾಗಿ ಕಾಣುತ್ತದೆ. ತಲೆಯ ಮೇಲಿನ ಸಾಮಾನು ಗೂಡು ಚಿಕ್ಕದು, ಹಾಗಾಗಿ ಟ್ರಾಲಿ ಚೀಲವನ್ನು ಕೆಲವೊಮ್ಮೆ ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಔಷಧಿ, ಕನ್ನಡಕ, ಮನೆಯ ಕೀಲಿಕೈ ಬೇರೆ ಕೈಚೀಲದಲ್ಲಿರಲಿ.

ಅದೇ ವಿಮಾನ, ಅದೇ ದೂರವಾದರೂ ಒಂದೊಂದು ದಿನ ಐದಾರು ನಿಮಿಷ ಹೆಚ್ಚು ಕಡಿಮೆಯಾಗುವುದಕ್ಕೆ ಕಾರಣ ನನಗೆ ಬಹಳ ದಿನ ತಿಳಿದಿರಲಿಲ್ಲ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ, ಮತ್ತು ವಿಮಾನಗಳು ಗಾಳಿಗೆ ಎದುರಾಗಿ ಮೇಲೇರುತ್ತವೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ಪಶ್ಚಿಮಕ್ಕೇ ಮುಖ ಮಾಡಿ ಏರುತ್ತದೆ, ಏರಿದ್ದೇ ಮಂಗಳೂರಿನ ದಾರಿ. ಚಳಿಗಾಲದಲ್ಲಿ ಮೂಡಣ ಗಾಳಿಯಾದರೆ ಮೊದಲು ಕೋಲಾರದ ದಿಕ್ಕಿಗೆ ಹಾರಿ, ಆಮೇಲೆ ಅರ್ಧ ಸುತ್ತು ಹಾಕಿ ಪಶ್ಚಿಮಕ್ಕೆ ತಿರುಗಬೇಕು. ಕಿಟಕಿಯ ಪಕ್ಕ ಕುಳಿತವರಿಗೆ ಇದು ಬಿಸಿಲು ಬೀಳುವ ಬದಿ ಬದಲಾಗುವುದರಿಂದಲೇ ಗೊತ್ತಾಗುತ್ತದೆ.

ಕಿಟಕಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಮಂಗಳೂರಿಗೆ ಹೋಗುವಾಗ ಬಲಗಡೆಯ ಕಿಟಕಿಯನ್ನು ಆರಿಸಿಕೊಳ್ಳಿ. ಪಶ್ಚಿಮಕ್ಕೆ ಏರಿದ ದಿನ ಮೊದಲ ಕೆಲವು ನಿಮಿಷಗಳಲ್ಲೇ ನಂದಿಬೆಟ್ಟ ಬಲಕ್ಕೆ ಕಾಣುತ್ತದೆ. ನೇರ ಗೆರೆ ತುಮಕೂರಿಗೂ ಕುಣಿಗಲ್ಲಿಗೂ ನಡುವೆ ಹಾದು, ತುರುವೇಕೆರೆಯ ತೆಂಗಿನ ತೋಟಗಳ ಹತ್ತಿರದಿಂದ ಹಾಸನದ ಉತ್ತರಕ್ಕೆ ಬಂದು, ಮೂಡಿಗೆರೆಯ ದಕ್ಷಿಣಕ್ಕೆ ಘಟ್ಟದ ಅಂಚನ್ನು ದಾಟಿ ಬೆಳ್ತಂಗಡಿಯ ನೆತ್ತಿಯ ಮೇಲೆ ಹೋಗುತ್ತದೆ. ವಿಮಾನ ಪ್ರತಿದಿನವೂ ಈ ಗೆರೆಯನ್ನೇ ಹಿಡಿಯುವುದಿಲ್ಲವಾದರೂ ಹೆಚ್ಚು ದೂರ ಸರಿಯುವುದೂ ಇಲ್ಲ. ಮಳೆ ಮುಗಿದು ಆಕಾಶ ತೊಳೆದಿಟ್ಟಂತಿರುವ ಅಕ್ಟೋಬರ್–ನವೆಂಬರ್ ತಿಂಗಳಲ್ಲಿ, ಬಯಲುಸೀಮೆಯ ಕೆರೆಗಳ ಸಾಲು ಮುಗಿದು, ಕಾಫಿತೋಟಗಳ ದಟ್ಟ ಹಸಿರು ಬಂದು, ಆಮೇಲೆ ಒಮ್ಮೆಲೇ ನೆಲ ಕೆಳಗೆ ಕುಸಿದುಹೋಗುವುದನ್ನು ನೋಡಿದರೆ ಪಶ್ಚಿಮ ಘಟ್ಟ ಎಂದರೆ ಏನೆಂದು ಕಣ್ಣಿಗೆ ತಿಳಿಯುತ್ತದೆ. ಬಲಕ್ಕೆ ಕುದುರೆಮುಖದ ಶ್ರೇಣಿ. ಆ ಗೋಡೆಯ ಆಚೆ ಈಚೆ ನಾವು ಬಸ್ಸಿನಲ್ಲಿ ಎಷ್ಟು ರಾತ್ರಿಗಳನ್ನು ಕಳೆದಿದ್ದೇವೆ!

ಈ ವಿಮಾನಸೇವೆಯ ಕೊರತೆ ಇರುವುದು ಹಾರಾಟದಲ್ಲಿ ಅಲ್ಲ, ಹಾರುವ ಮೊದಲಿನ ಸಮಯದಲ್ಲಿ. ನಾನು ಮೊದಲ ಸಲ ಈ ಮಾರ್ಗದಲ್ಲಿ ಹಾರಿದ್ದು 2006ರಲ್ಲಿ, ಹಳೆಯ ಎಚ್‌ಎಎಲ್ ನಿಲ್ದಾಣದಿಂದ. ಜಯನಗರದಿಂದ ಅಲ್ಲಿಗೆ ಆಟೋದಲ್ಲಿ ಅರ್ಧ, ಮುಕ್ಕಾಲು ಗಂಟೆ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ದೊಡ್ಡ ಕಟ್ಟಡ, ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ, ಸುತ್ತ ಹಸಿರು ಎಲ್ಲವೂ ಬಂದವು. ದೆಹಲಿಗೋ ದುಬೈಗೋ ಹೋಗುವವರಿಗೆ ಅದು ಒಳ್ಳೆಯದೇ ಆಯಿತು. ಆದರೆ 40 ನಿಮಿಷ ಹಾರುವ ಪ್ರಯಾಣಿಕನಿಗೆ ದಕ್ಷಿಣ ಬೆಂಗಳೂರಿನಿಂದ ನಿಲ್ದಾಣಕ್ಕೆ ಹೋಗುವ 40 ಕಿಲೋಮೀಟರ್ ದಾರಿ ಹಾರಾಟಕ್ಕಿಂತ ದೊಡ್ಡದಾಯಿತು. ನನ್ನ ಪುಸ್ತಕದಲ್ಲಿ ಜಯನಗರ–ದೇವನಹಳ್ಳಿ ಅತಿ ಕಡಿಮೆ ಎಂದರೆ ಬೆಳಗಿನ ನಾಲ್ಕಕ್ಕೆ ಹೊರಟಾಗ 55 ನಿಮಿಷ, ಅತಿ ಹೆಚ್ಚೆಂದರೆ ಶುಕ್ರವಾರ ಸಂಜೆ ಮಳೆ ಬಂದಾಗ ಎರಡು ಗಂಟೆ 40 ನಿಮಿಷ. ಅದೇ ಊರು, ಅದೇ ದಾರಿ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಕಾರಿನೊಳಗೆ ಕುಳಿತು ಗಡಿಯಾರ ನೋಡುತ್ತಿದ್ದ ಆ ಸಂಜೆ, ಇದೇ ಹೊತ್ತಿಗೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಕುಣಿಗಲ್ ದಾಟಿರುತ್ತದೆ ಎಂದು ನೆನೆದು ನನಗೆ ನಿಜಕ್ಕೂ ಸಂಕಟವಾಗಿತ್ತು.

ಇದಕ್ಕೆ ನಾನು ಕಂಡುಕೊಂಡ ದಾರಿ ವಾಯುವಜ್ರ ಬಸ್ಸು. ನಗರದ ಹಲವು ಬಡಾವಣೆಗಳಿಂದ ಹವಾನಿಯಂತ್ರಿತ ಬಸ್ಸುಗಳು ನಿಲ್ದಾಣಕ್ಕೆ ಹೋಗುತ್ತವೆ, ದರ ಟ್ಯಾಕ್ಸಿಗಿಂತ ಬಹಳ ಕಡಿಮೆ, ಸಾಮಾನಿಡಲು ಪ್ರತ್ಯೇಕ ಜಾಗವಿದೆ. ದಟ್ಟಣೆಯಲ್ಲಿ ಅದೂ ನಿಲ್ಲುತ್ತದೆ, ಆದರೆ ನಿಂತ ಹೊತ್ತಿಗೆ ಮೀಟರ್ ಓಡುವುದಿಲ್ಲ. ಉತ್ತರ ಬೆಂಗಳೂರಿನವರಿಗೆ, ಯಲಹಂಕ, ಸಹಕಾರನಗರ, ಹೆಬ್ಬಾಳದ ಕಡೆಯವರಿಗೆ, ಈ ತಾಪತ್ರಯವೇ ಇಲ್ಲ. ಅವರ ಮಟ್ಟಿಗೆ ಈ ಸೇವೆಯ ಉಪಯೋಗ ನನ್ನ ಲೆಕ್ಕಕ್ಕಿಂತ ಎರಡು ಪಟ್ಟು ಹೆಚ್ಚು. ಟಿಕೆಟ್ ಕೊಳ್ಳುವಾಗ ಒಂದನೇ ಟರ್ಮಿನಲ್ಲೋ ಎರಡನೆಯದೋ ಎಂದು ನೋಡಿಕೊಳ್ಳುವುದು ಮುಖ್ಯ. 2023ರ ಜನವರಿಯಿಂದ ಎರಡನೇ ಟರ್ಮಿನಲ್‌ನಿಂದಲೂ ವಿಮಾನಗಳು ಹೊರಡುತ್ತಿವೆ, ತಪ್ಪಾದ ಕಡೆ ಇಳಿದರೆ ಸಾಮಾನು ಹೊತ್ತು ಮತ್ತೆ ಬಸ್ಸು ಹಿಡಿಯಬೇಕು. ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ವ್ಯವಸ್ಥೆಯಲ್ಲಿ ಮೊದಲೇ ನೋಂದಣಿ ಮಾಡಿಕೊಂಡರೆ ಬಾಗಿಲಿನ ಸರದಿ ಬೇಗ ಮುಗಿಯುತ್ತದೆ. ಹಾಗೆಂದು ತಡವಾಗಿ ಹೊರಡುವಂತಿಲ್ಲ. ಸಾಮಾನು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತಾರೆ. ಅಂದರೆ ಹಾರುವ ಸಮಯಕ್ಕಿಂತ ಹೆಚ್ಚು ಸಮಯವನ್ನು ನಿಲ್ದಾಣದಲ್ಲಿ ಕುಳಿತೇ ಕಳೆಯಬೇಕು, ಇದರಲ್ಲಿ ಯಾರ ತಪ್ಪೂ ಇಲ್ಲ.

ಈಗ ಮಂಗಳೂರಿನ ತುದಿ. ಬಜ್ಪೆಯ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆದದ್ದು. ಗುಡ್ಡದ ನೆತ್ತಿಯನ್ನು ಸಪಾಟು ಮಾಡಿ ರನ್‌ವೇ ಹಾಸಿದ್ದಾರೆ, ಸುತ್ತಲೂ ಕಣಿವೆ. ಹಳೆಯ ರನ್‌ವೇ 1,615 ಮೀಟರ್ ಮಾತ್ರ ಇತ್ತು. 2006ರಲ್ಲಿ 2,450 ಮೀಟರಿನ ಎರಡನೆಯದು ಬಂದ ಮೇಲೆ ದೊಡ್ಡ ವಿಮಾನಗಳಿಗೆ ಅನುಕೂಲವಾಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇದೇ ರನ್‌ವೇಯ ತುದಿ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡದ್ದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಇಲ್ಲಿ ಇಳಿಯುವಾಗ ಚಕ್ರ ನೆಲಕ್ಕೆ ಧಡ್ ಎಂದು ತಾಗಿದರೆ, ಬ್ರೇಕು ಬಿಗಿಯಾಗಿ ಬಿದ್ದರೆ, ಪೈಲಟ್ಟಿಗೆ ಕೈ ಪಳಗಿಲ್ಲ ಎಂದು ಯಾರೂ ತಿಳಿಯಬಾರದು. ಒದ್ದೆಯಾದ, ಹೆಚ್ಚು ಉದ್ದವಿಲ್ಲದ ರನ್‌ವೇಯಲ್ಲಿ ತೇಲುತ್ತಾ ಹೋಗದೆ ಗೊತ್ತಾದ ಜಾಗದಲ್ಲಿ ಗಟ್ಟಿಯಾಗಿ ನೆಲ ಮುಟ್ಟುವುದೇ ಸರಿಯಾದ ಕ್ರಮ. ನನಗಂತೂ ಆ ಧಡ್ ಎಂಬ ಸದ್ದು ಕೇಳಿದಾಗ ಜೀವಕ್ಕೆ ಸಮಾಧಾನ.

ಇನ್ನೊಂದು ಸಣ್ಣ ಸಂಗತಿ, ಮಕ್ಕಳಿರುವವರಿಗಾಗಿ. ದೇವನಹಳ್ಳಿ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಬಜ್ಪೆ ನೂರು ಮೀಟರಿನ ಆಸುಪಾಸಿನಲ್ಲಿದೆ. ಹತ್ತಿದ ಎತ್ತರಕ್ಕಿಂತ ಇಳಿಯುವ ಎತ್ತರ ಹೆಚ್ಚು, ಅದೂ ಹದಿನೈದು ಇಪ್ಪತ್ತು ನಿಮಿಷದಲ್ಲಿ. ಕಿವಿ ಕಟ್ಟಿಕೊಂಡು ಮಕ್ಕಳು ಅಳುವುದು ಹೆಚ್ಚಾಗಿ ಮಂಗಳೂರಿಗೆ ಇಳಿಯುವಾಗಲೇ. ಬೆಲ್ಲದ ಚೂರೋ ಪೆಪ್ಪರಮಿಂಟೋ ಬಾಯಿಗೆ ಕೊಟ್ಟರೆ ಉಗುಳು ನುಂಗುತ್ತಾ ಕಿವಿ ಬಿಡುತ್ತದೆ.

ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ಈ ಸೇವೆ ಲಾಭವೋ ನಷ್ಟವೋ ಎಂದು ತೀರ್ಮಾನವಾಗುತ್ತದೆ. ಸುರತ್ಕಲ್, ಮೂಲ್ಕಿ, ಕಿನ್ನಿಗೋಳಿ, ಕಟೀಲು, ಮೂಡುಬಿದಿರೆ, ಕಾರ್ಕಳ, ಉಡುಪಿ, ಮಣಿಪಾಲದ ಕಡೆಯವರಿಗೆ ಬಜ್ಪೆ ಒಳ್ಳೆಯ ಜಾಗದಲ್ಲಿದೆ. ಮಂಗಳೂರು ಪೇಟೆಯ ಗೊಡವೆಯೇ ಇಲ್ಲದೆ ಊರಿಗೆ ಹೋಗಬಹುದು. ನನ್ನ ತವರಿಗೆ ಅಲ್ಲಿಂದ ಒಂದು ಗಂಟೆಯೂ ಬೇಡ. ಪುತ್ತೂರು, ಸುಳ್ಯ, ಉಪ್ಪಿನಂಗಡಿ, ಬೆಳ್ತಂಗಡಿ, ಧರ್ಮಸ್ಥಳದ ಕಡೆಯವರ ಸಂಗತಿ ಬೇರೆ. ಅವರು ತಮ್ಮ ಮನೆಯ ಮೇಲೆಯೇ ಹಾರಿಹೋಗಿ, ಬಜ್ಪೆಯಲ್ಲಿ ಇಳಿದು, ಮತ್ತೆ ಐವತ್ತು ಅರುವತ್ತು ಕಿಲೋಮೀಟರ್ ಘಟ್ಟದ ಕಡೆಗೇ ಮರಳಬೇಕು. ಉಪ್ಪಿನಂಗಡಿಯ ನನ್ನ ಚಿಕ್ಕಮ್ಮನ ಮನೆಗೆ ವಿಮಾನದಲ್ಲಿ ಹೋದ ಒಂದೇ ಸಲ ಬಾಗಿಲಿಂದ ಬಾಗಿಲಿಗೆ ಆರೂವರೆ ಗಂಟೆ ಆಯಿತು. ಕಾರಿನಲ್ಲಿ ಹೋದರೂ ಅಷ್ಟೇ ಆಗುತ್ತಿತ್ತು. ಅಂಥವರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡಲಾರೆ.

ಮಳೆಗಾಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸಂಜೆ ನಾನಿದ್ದ ವಿಮಾನ ಬಜ್ಪೆಯ ಮೇಲೆ ಮೋಡದೊಳಗೆ ಸುಮಾರು ಅರ್ಧ ಗಂಟೆ ಸುತ್ತಿತು. ಕಿಟಕಿಯ ಗಾಜಿನ ಮೇಲೆ ನೀರು ಅಡ್ಡಡ್ಡ ಹರಿಯುತ್ತಿತ್ತು, ರೆಕ್ಕೆಯ ತುದಿಯ ದೀಪ ಮಿನುಗಿದಾಗಲೆಲ್ಲ ಸುತ್ತ ಬೆಳ್ಳಗೆ ಹತ್ತಿ ತುಂಬಿದಂತೆ ಕಾಣುತ್ತಿತ್ತು. ಒಮ್ಮೆ ಇಳಿಯಲು ಹೋಗಿ, ಚಕ್ರ ಬಿಟ್ಟ ಸದ್ದು ಕೇಳಿದ ಮೇಲೆ, ಮತ್ತೆ ಮೇಲಕ್ಕೆ ಏರಿತು. ಕೊನೆಗೆ ಬೆಂಗಳೂರಿಗೇ ವಾಪಸು. ಮೂರು ಗಂಟೆಯ ನಂತರ ಹೊರಟ ಜಾಗದಲ್ಲೇ ಇಳಿದೆವು. ಇಳಿಸದೆ ತಿರುಗಿಸಿದ್ದಕ್ಕೆ ನಾನು ಆ ಪೈಲಟ್ಟಿಗೆ ಇವತ್ತಿಗೂ ಕೃತಜ್ಞಳು. ನನ್ನ ತಕರಾರು ಆಮೇಲಿನದು. ಮುಂದಿನ ವಿಮಾನ ಎಷ್ಟು ಹೊತ್ತಿಗೆ ಎಂದು ಕೇಳಿದಾಗ ಮೊದಲು ಇಪ್ಪತ್ತು ನಿಮಿಷ ಎಂದರು, ಆಮೇಲೆ ಇನ್ನಿಪ್ಪತ್ತು, ಮತ್ತೆ ಇನ್ನಿಪ್ಪತ್ತು. ರಾತ್ರಿ ಹನ್ನೊಂದಕ್ಕೆ ಇಂದು ಹೋಗುವುದಿಲ್ಲ ಎಂದು ತಿಳಿಸಿದರು. ಎಂಟು ಗಂಟೆಗೇ ಅದನ್ನು ಹೇಳಿದ್ದರೆ ನಮ್ಮಲ್ಲಿ ಅರ್ಧ ಜನ ರಾತ್ರಿ ಬಸ್ಸು ಹಿಡಿದು ಬೆಳಗಾಗುವಷ್ಟರಲ್ಲಿ ಊರು ಸೇರುತ್ತಿದ್ದೆವು. ನನ್ನ ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು ಅಣ್ಣನ ಅಂತ್ಯಕ್ರಿಯೆಗೆ ಹೊರಟವರು.

ಇಂಥ ಸಂದರ್ಭದಲ್ಲಿ ನಿಯಮ ಏನು ಹೇಳುತ್ತದೆ ಎಂದು ಆಮೇಲೆ ಓದಿ ತಿಳಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯೊಳಗಿನ ಬ್ಲಾಕ್ ಸಮಯದ ವಿಮಾನ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಕಾಯುತ್ತಿರುವವರಿಗೆ ಊಟ, ಉಪಾಹಾರ ಕೊಡಬೇಕು. ತಡ ಆರು ಗಂಟೆ ಮೀರುವಂತಿದ್ದರೆ ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೊಡಬೇಕು. ಮುಂಚಿತವಾಗಿ ತಿಳಿಸದೆ ವಿಮಾನ ರದ್ದುಮಾಡಿದರೆ ಬ್ಲಾಕ್ ಸಮಯ ಒಂದು ಗಂಟೆಯವರೆಗೆ ಇದ್ದಲ್ಲಿ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಿದ್ದಲ್ಲಿ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅದು ಪರಿಹಾರ. ನಮ್ಮ ಮಾರ್ಗ ಈ ಒಂದು ಗಂಟೆಯ ಗಡಿಯ ಮೇಲೆಯೇ ಇರುವುದರಿಂದ ಟಿಕೆಟ್ಟಿನ ಮೇಲೆ ಅಚ್ಚಾದ ಆ ಹತ್ತು ನಿಮಿಷಕ್ಕೂ ಬೆಲೆ ಇದೆ. ಆದರೆ ಹವಾಮಾನ ಕಾರಣವಾದರೆ ಪರಿಹಾರ ಕೇಳುವಂತಿಲ್ಲ, ಟಿಕೆಟ್ಟಿನ ಹಣ ವಾಪಸು ಕೇಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮರುದಿನವೇ ಮದುವೆ, ಪರೀಕ್ಷೆ, ಕೋರ್ಟು ಇದ್ದವರು ಸಂಜೆಯ ಕೊನೆಯ ವಿಮಾನವನ್ನು ನಂಬಿ ಕೂರಬಾರದು. ಹಗಲಿನ ವಿಮಾನ ಹಿಡಿದರೆ, ಏನಾದರೂ ಆದರೂ ರಾತ್ರಿಯ ಬಸ್ಸು ಕೈಯಲ್ಲಿರುತ್ತದೆ. ಬೆಂಗಳೂರಿನ ತುದಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಮಂಜು ಇನ್ನೊಂದು ಅಡ್ಡಿ.

ಇಷ್ಟೆಲ್ಲ ಹೇಳಿದ ಮೇಲೂ, ಮಳೆಗಾಲದಲ್ಲಿ ಈ ವಿಮಾನ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು 2024ರ ಜುಲೈ ತೋರಿಸಿಕೊಟ್ಟಿತು. ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದು ಶಿರಾಡಿಯಲ್ಲಿ ವಾಹನಗಳು ನಿಂತವು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲುಹಳಿಯ ಬುಡದ ಮಣ್ಣು ಕುಸಿದು ರೈಲುಗಳೂ ನಿಂತವು. ಆ ದಿನಗಳಲ್ಲಿ ಅಮ್ಮನಿಗೆ ಜ್ವರ ಬಂದು ಮೂಡುಬಿದಿರೆಯ ಆಸ್ಪತ್ರೆಗೆ ಸೇರಿಸಿದ್ದರು. ನನ್ನನ್ನು ಅವಳ ಬಳಿಗೆ ಮುಟ್ಟಿಸಿದ್ದು ಒಂದು ಎಟಿಆರ್.

ರೈಲಿನ ಬಗ್ಗೆ ನನಗೆ ಪ್ರೀತಿ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು, 50 ಅಡಿಗೆ ಒಂದು ಅಡಿ ಇಳಿಯುವ ಹಳಿ. 2021ರ ಜುಲೈಯಿಂದ ಹಗಲು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ಆದರೆ ಅದು ಹತ್ತು ಗಂಟೆಯ ಪ್ರಯಾಣ, ಪ್ರವಾಸಕ್ಕೆ ಚೆಂದ, ತುರ್ತಿಗೆ ಅಲ್ಲ. ವಿಮಾನಕ್ಕೆ ನಿಜವಾದ ಎದುರಾಳಿ ರಾತ್ರಿಯ ಸ್ಲೀಪರ್ ಬಸ್ಸು. ಹತ್ತು ಗಂಟೆಗೆ ಮಲಗಿದರೆ ಬೆಳಿಗ್ಗೆ ಆರೂವರೆ ಏಳಕ್ಕೆ ಊರು, ಹಗಲಿನ ಕೆಲಸದ ಸಮಯ ಒಂದು ನಿಮಿಷವೂ ಹಾಳಾಗುವುದಿಲ್ಲ. ಬೆನ್ನು ಗಟ್ಟಿಯಿರುವವರಿಗೆ, ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸದವರಿಗೆ, ನಾನು ಬಸ್ಸನ್ನೇ ಹೇಳುತ್ತೇನೆ.

ಬೆನ್ನು ಗಟ್ಟಿಯಿಲ್ಲದವರಿಗೆ, ಮೊಣಕಾಲು ಹಿಡಿದುಕೊಂಡ ಹಿರಿಯರಿಗೆ, ವಿಮಾನಕ್ಕೆ ಸಾಟಿಯಿಲ್ಲ. ಅಮ್ಮನನ್ನು ಮೊದಲ ಸಲ ವಿಮಾನದಲ್ಲಿ ಕರೆತಂದಾಗ ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿದ್ದೆ. ಬಜ್ಪೆಯಲ್ಲಿ ಹುಡುಗಿಯೊಬ್ಬಳು ಬಾಗಿಲಿಗೇ ಬಂದು, ತುಳುವಿನಲ್ಲಿ ಮಾತನಾಡಿಸುತ್ತಾ, ಕುರ್ಚಿಯ ಕಾಲುಪಟ್ಟಿಯ ಮೇಲೆ ಅಮ್ಮನ ಸೀರೆಯ ಅಂಚು ಸಿಕ್ಕದಂತೆ ಮಡಿಸಿಟ್ಟು ಕರೆದುಕೊಂಡು ಹೋದಳು. ಒಂದು ವಿಷಯ ನೆನಪಿಡಿ: ಎಟಿಆರ್ ವಿಮಾನಕ್ಕೆ ಪ್ರಯಾಣಿಕರು ಹತ್ತುವುದು ಹಿಂಬಾಗಿಲಿನಿಂದ. ಮುಂದಿನ ಸಾಲು ಒಳ್ಳೆಯದೆಂದು ಹೆಚ್ಚು ಹಣ ಕೊಟ್ಟು ಆರಿಸಿದರೆ, ಹಿರಿಯರು ಆ ಕಿರಿದಾದ ಓಣಿಯಲ್ಲಿ ಪೂರ್ತಿ ಉದ್ದ ನಡೆಯಬೇಕಾಗುತ್ತದೆ. ಹಿಂದಿನ ಸಾಲುಗಳನ್ನೇ ಆರಿಸಿಕೊಳ್ಳಿ. ಏರ್‌ಬಸ್ ಆದರೆ ಮುಂದಿನ ಸಾಲು. ಊರಿನಿಂದ ಹೊರಡುವಾಗ ಕೊಬ್ಬರಿ ಕಟ್ಟಿಕೊಡುವವರನ್ನು ತಡೆಯಿರಿ. ಬೇಗ ಹೊತ್ತಿಕೊಳ್ಳುವ ವಸ್ತು ಎಂಬ ಕಾರಣಕ್ಕೆ ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ.

ಹೂವಿಗೆ ಮಾತ್ರ ಅಡ್ಡಿಯಿಲ್ಲ. ಕಳೆದ ವರ್ಷ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಬೆಂಗಳೂರಿಗೆ ಒಂದು ಅಟ್ಟೆ ಶಂಕರಪುರ ಮಲ್ಲಿಗೆ ತಂದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಒಂದು ಚೆಂಡಿಗೆ ಎಂಟುನೂರು ಹೂವು. ಬೆಳಿಗ್ಗೆ ಮೊಗ್ಗಾಗಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿದ್ದನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದ ವಿಮಾನ ಹತ್ತಿದೆ. ದೇವನಹಳ್ಳಿಯಲ್ಲಿ ಇಳಿದು ಎಲೆಯ ಸಂದಿನಿಂದ ನೋಡಿದರೆ ಒಂದು ಮೊಗ್ಗೂ ಬಾಯಿ ಬಿಟ್ಟಿರಲಿಲ್ಲ. ವಾಯುವಜ್ರದಲ್ಲಿ ಕುಳಿತು ಮೇಖ್ರಿ ವೃತ್ತಕ್ಕೆ ಬರುವಷ್ಟರಲ್ಲಿ ಕತ್ತಲಾಗಿ, ಬಸ್ಸಿನ ತುಂಬ ಪರಿಮಳ ಹಬ್ಬಿ, ಹಿಂದಿನ ಸೀಟಿನವರು ಎಲ್ಲಿಯ ಮಲ್ಲಿಗೆ ಎಂದು ಕೇಳಿದರು.

ದರದ ಬಗ್ಗೆ ನನ್ನ ಅನುಭವ ಇಷ್ಟು. ಮೂರು ನಾಲ್ಕು ವಾರ ಮೊದಲೇ, ಮಂಗಳವಾರ, ಬುಧವಾರಗಳಿಗೆ ಕೊಂಡರೆ ಒಂದು ಕಡೆಗೆ ಮೂರು ಸಾವಿರದ ಆಸುಪಾಸಿಗೆ ಸಿಕ್ಕಿದೆ. ದೀಪಾವಳಿಗೆ, ವರ್ಷದ ಕೊನೆಗೆ ಎಂಟು ಸಾವಿರವನ್ನೂ ಕೊಟ್ಟದ್ದಿದೆ. ಆ ಬೆಲೆಗೆ ಈ ಸೇವೆ ಯೋಗ್ಯವಲ್ಲ. ಸಾಮಾನು 15 ಕೆ.ಜಿ., ಕೈಚೀಲ 7 ಕೆ.ಜಿ. ಮಿತಿಯನ್ನು ಮನೆಯಲ್ಲೇ ತೂಗಿ ನೋಡುವುದು ಒಳ್ಳೆಯದು, ಊರಿನ ಹಪ್ಪಳ, ಕುಚ್ಚಲಕ್ಕಿ, ಗೆಣಸು ಸೇರಿದರೆ ತೂಕ ಏರುವುದು ತಿಳಿಯುವುದೇ ಇಲ್ಲ. ದಕ್ಷಿಣ ಬೆಂಗಳೂರಿನಿಂದ ಬಜ್ಪೆಯ ಉತ್ತರದ ಊರುಗಳಿಗೆ ಹೋಗುವವರು ಐದೂವರೆಯಿಂದ ಆರು ಗಂಟೆ ಎಂದು ಲೆಕ್ಕ ಇಟ್ಟುಕೊಳ್ಳಲಿ, ಕಾರಿಗೆ ಎಂಟು ಗಂಟೆ. ಉಳಿಯುವುದು ಎರಡು, ಎರಡೂವರೆ ಗಂಟೆ ಮತ್ತು ಘಟ್ಟದ ಆಯಾಸ.

ಮುಂದಿನ ತಿಂಗಳು ಅಮ್ಮನ ಕಣ್ಣಿನ ತಪಾಸಣೆಗೆ ಬೆಂಗಳೂರಿನಲ್ಲಿ ದಿನ ಗೊತ್ತಾಗಿದೆ. ಬುಧವಾರ ಬೆಳಗಿನ ಎಟಿಆರ್‌ಗೆ ಕಡೆಯಿಂದ ಎರಡನೇ ಸಾಲಿನಲ್ಲಿ ಎರಡು ಸೀಟು ಕಾಯ್ದಿರಿಸಿದ್ದೇನೆ. ಪೂರ್ವಕ್ಕೆ ಬರುವಾಗ ಕುದುರೆಮುಖ ಎಡಕ್ಕೆ ಕಾಣುವುದರಿಂದ ಅಮ್ಮನಿಗೆ ಎಡಗಡೆಯ ಕಿಟಕಿ.